ನಡುವಿನ ಬಲ

ಕನ್ನಡದಲ್ಲಿ ‘ನಡು’ ಎಂಬುದೊಂದು ಪುಟ್ಟ ಮಾತು. ನಡುಹಗಲು, ನಡುರಾತ್ರಿ, ಊರ ನಡುವೆ ಎನ್ನುವಾಗ ಅದಕ್ಕೆ ಮಧ್ಯವೆಂದು ಅರ್ಥ. ಮೈಗೆ ಸಂಬಂಧಿಸಿ ಹೇಳುವಾಗ ಸೊಂಟವೆಂದು ಅರ್ಥ. ಈ ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ಏಕೆ ಬಂದು ಸೇರಿದವೆಂದು, ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳಿಕೊಂಡು ಬಂದವನಾದರೂ, ನಾನು ಎಂದೂ ಯೋಚಿಸಿದವನಲ್ಲ. ಹಳೆಯ ಕವಿಗಳು ನಾಯಿಕೆಯ ಬಡನಡುವನ್ನು ವರ್ಣಿಸಿದ ಪದ್ಯಗಳು ಬಂದಾಗ ಅನ್ವಯ, ಅರ್ಥ, ಅಲಂಕಾರ ಇಷ್ಟನ್ನು ಹೇಳಿ, ಹಿಂದಿನ ಬೆಂಚಿನ ಮುಸಿನಗೆಯನ್ನು ಕಂಡೂ ಕಾಣದವನಂತೆ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ನಡುವೆಂದರೆ ಏನೆಂಬುದನ್ನು ನಾನು ಕಲಿತದ್ದು ನಲವತ್ತು ದಾಟಿದ ಮೇಲೆ. ಅದೂ ಪುಸ್ತಕಗಳ ಭಾರದಿಂದ.

2023ರ ಜನವರಿ 6, 7 ಮತ್ತು 8ರಂದು ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಷ್ಟೆ. ನಮ್ಮ ಜಿಲ್ಲೆಗೆ ಅದೊಂದು ಹಬ್ಬ. ಪುಸ್ತಕ ಮಳಿಗೆಗಳ ಸಾಲಿನಲ್ಲಿ ಮೂರು ದಿನವೂ ಅಲೆದು, ಸಂಸಾರದ ಲೆಕ್ಕವನ್ನು ಮರೆತು ಪುಸ್ತಕ ಕೊಂಡೆ. ಅವನ್ನೆಲ್ಲ ಜೋಳಿಗೆಗೆ ತುಂಬಿ, ವಾಡಿಕೆಯಂತೆ ಬಲ ಹೆಗಲಿಗೆ ಏರಿಸಿಕೊಂಡು, ಬಸ್ಸಿನಲ್ಲಿ ನಿಂತೇ ರಾಣೆಬೆನ್ನೂರಿನ ಮನೆ ಸೇರಿದೆ. ಹೊಸ್ತಿಲು ದಾಟಿ, ಕೊಂಚ ಪಕ್ಕಕ್ಕೆ ವಾಲಿ, ಜೋಳಿಗೆಯನ್ನು ನೆಲಕ್ಕಿಡಲು ಬಾಗಿದ್ದೇ ತಡ, ಟೊಂಕದಲ್ಲಿ ಏನೋ ಛಳಕ್ಕೆಂದು ಹಿಡಿದುಕೊಂಡಿತು. ಬಾಗಿದವನು ಏಳಲಾರೆ, ಏಳದೆ ಇರಲಾರೆ. ಹೆಂಡತಿಯೂ ಮಗನೂ ಎರಡು ಕಡೆ ಹಿಡಿದು ಹಾಸಿಗೆಗೆ ಸೇರಿಸಿದರು. ಅವ್ವ ಅಡುಗೆಮನೆಯಿಂದ ಬಂದು ನೋಡಿ, “ನಡಾ ಹಿಡದೈತಿ ತಮ್ಮಾ, ಬಿಸಿನೀರು ಹಾಕಿದ್ರ ಬಿಡ್ತೈತಿ” ಎಂದಳು.

ಬಿಸಿನೀರಿಗೆ ಅದು ಅರ್ಧ ಮಾತ್ರ ಬಿಟ್ಟಿತು. ವಾರದ ಮೇಲೆ ಕಾಲೇಜಿಗೆ ಹೋದೆ. ಆಗ ತರಗತಿಯಲ್ಲಿ ನಡೆಯುತ್ತಿದ್ದುದು ರನ್ನನ ಗದಾಯುದ್ಧ. ನಡೆದುಹೋದ ಕಥೆಯನ್ನೆಲ್ಲ ಭೀಮ ದುರ್ಯೋಧನರ ಕದನದ ಒಳಗೇ ತಂದು ತೋರಿಸುವ ಕವಿಯ ಕ್ರಮಕ್ಕೆ ಸಿಂಹಾವಲೋಕನವೆಂದು ಹೆಸರು. ಸಿಂಹ ನಡೆಯುತ್ತ ನಡೆಯುತ್ತ ನಿಂತು, ಹಿಂದಿರುಗಿ, ಬಂದ ದಾರಿಯನ್ನು ನೋಡುತ್ತದೆಯಂತೆ. ಇದನ್ನು ವಿವರಿಸುತ್ತ ಹಿಂದಿನ ಕರಿಹಲಗೆಯ ಕಡೆ ತಿರುಗಲು ಹೋದೆ, ಸೊಂಟ ತಿರುಗಲಿಲ್ಲ. ಸಿಂಹದಂತೆ ನೋಡುವುದಿರಲಿ, ಹೊಸದಾಗಿ ಬಂದ ಮದುಮಗನಂತೆ ಇಡೀ ಮೈಯನ್ನೇ ಮೆಲ್ಲನೆ ಸುತ್ತಿಸಬೇಕಾಯಿತು. ಹುಡುಗರು ನಕ್ಕರು. ನಾನೂ ನಕ್ಕೆ; ಆದರೆ ನಗುವಾಗಲೂ ನೋಯುತ್ತಿತ್ತು.

ಗೆಳೆಯರೊಬ್ಬರ ಮಾತಿನಂತೆ ಕೊನೆಗೆ ಫಿಜಿಯೊಥೆರಪಿಸ್ಟ್ ಒಬ್ಬರ ಬಳಿಗೆ ಹೋದೆ. ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿಗಳಷ್ಟು ಚಿಕ್ಕವರು. ಅವರು ನನ್ನನ್ನು ಆಳೆತ್ತರದ ಕನ್ನಡಿಯೆದುರು ನಿಲ್ಲಿಸಿದರು. ಬಲ ಹೆಗಲು ಎಡಕ್ಕಿಂತ ಒಂದು ಬೆರಳಷ್ಟು ಕೆಳಗಿತ್ತು. ಒಂಟಿಗಾಲಿನಲ್ಲಿ ನಿಲ್ಲೆಂದರು. ಬಲಗಾಲಿನ ಮೇಲೆ ನೆಟ್ಟಗೆ ನಿಂತೆ. ಎಡಗಾಲಿನ ಮೇಲೆ ನಿಂತಾಗ ಸೊಂಟ ಒಂದು ಬದಿಗೆ ಕುಸಿಯಿತು. ಹೊಟ್ಟೆಯನ್ನು ಒತ್ತಿ ನೋಡಿದರು, ಸಡಿಲ. ಬೆನ್ನನ್ನು ಒತ್ತಿ ನೋಡಿದರು, ಹಗ್ಗದಂತೆ ಬಿಗಿ. “ಸರ್, ನಿಮ್ಮ ಮೈಯಾಗ ದೊಡ್ಡ ರೋಗ ಏನಿಲ್ರಿ, ಪಕ್ಷಪಾತ ಐತಿ” ಎಂದರು. ಅಧ್ಯಾಪಕನಿಗೆ ಪಕ್ಷಪಾತದ ಆರೋಪಕ್ಕಿಂತ ಬೇರೆ ಬೈಗುಳ ಬೇಕೆ? ಆದರೆ ಅವರ ಮಾತು ಸತ್ಯವಾಗಿತ್ತು. ಇಪ್ಪತ್ತು ವರ್ಷ ಬಲ ಹೆಗಲಿಗೇ ಜೋಳಿಗೆ, ಬಲಗೈಗೇ ಸೀಮೆಸುಣ್ಣ, ಮೇಜಿಗೆ ಒರಗಿ ಬಲಗಾಲಿನ ಮೇಲೆಯೇ ಭಾರ, ಸಂಜೆ ಉತ್ತರಪತ್ರಿಕೆಗಳ ಮೇಲೆ ಬಾಗಿದ ಬೆನ್ನು. ಎಡಭಾಗಕ್ಕೂ ಹೊಟ್ಟೆಗೂ ನಾನು ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ.

ಆ ದಿನ ಅವರು ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿಯಿತು. ಮನುಷ್ಯನ ಮೈಯಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ. ಅವುಗಳಲ್ಲಿ ಒಂದಕ್ಕಾದರೂ ತಳ್ಳುವುದು ಗೊತ್ತಿಲ್ಲ. ಎಲ್ಲಕ್ಕೂ ಗೊತ್ತಿರುವುದು ಎಳೆಯುವುದೊಂದೇ. ತೋಳಿನ ಮುಂದಿನ ಸ್ನಾಯು ಎಳೆದರೆ ಮೊಣಕೈ ಮಡಚುತ್ತದೆ. ಅದನ್ನು ಮತ್ತೆ ನೀಡಬೇಕಾದರೆ ಹಿಂದಿನ ಸ್ನಾಯುವೇ ಎಳೆಯಬೇಕು. ಆದುದರಿಂದ ಸ್ನಾಯುಗಳು ಜೋಡಿಜೋಡಿಯಾಗಿ ಇರಲೇಬೇಕಾಯಿತು. ಒಂದು ಎಳೆಯುವಾಗ ಇನ್ನೊಂದು ಹದವಾಗಿ ಬಿಟ್ಟುಕೊಡಬೇಕು. ಅದರ ಸರದಿ ಬಂದಾಗ ಇದು ಬಿಟ್ಟುಕೊಡಬೇಕು. ಈ ಕೊಡುಕೊಳೆಯಲ್ಲಿ ಒಂದು ಸದಾ ಬಿಗಿಯಾಗಿಯೂ ಇನ್ನೊಂದು ಸದಾ ಸಡಿಲಾಗಿಯೂ ಉಳಿದರೆ ಅದೇ ಸ್ನಾಯುಗಳ ಅಸಮತೋಲ.

ನಮ್ಮ ಕಡೆಯ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಬಂಡಿಗೆ ಹೂಡಿದ ಎರಡು ಎತ್ತುಗಳಲ್ಲಿ ಒಂದು ಬಲವಾದದ್ದು, ಒಂದು ಬಡಕಲಾದರೆ ಏನಾಗುತ್ತದೆ? ನೊಗ ಓರೆಯಾಗುತ್ತದೆ, ಗಾಲಿ ಜಾಡು ಬಿಡುತ್ತದೆ. ಸೊರಗಿದ ಎತ್ತಿಗಷ್ಟೇ ಕಷ್ಟವೆಂದು ತಿಳಿಯಬಾರದು. ಬಲವಾದ ಎತ್ತಿನ ಹೆಗಲೂ ಹುಣ್ಣಾಗುತ್ತದೆ. ಮೈಯಲ್ಲಿಯೂ ಹೀಗೆಯೇ. ನೋವು ಕಾಣಿಸಿಕೊಳ್ಳುವುದು ಎಷ್ಟೋ ಸಲ ದುರ್ಬಲವಾದ ಸ್ನಾಯುವಿನಲ್ಲಲ್ಲ, ಅದರ ಪಾಲಿನ ಕೆಲಸವನ್ನೂ ತನ್ನ ಮೇಲೆ ಹೇರಿಕೊಂಡು ಬಳಲಿದ ಅದರ ನೆರೆಯ ಸ್ನಾಯುವಿನಲ್ಲಿ. ನನ್ನ ಬೆನ್ನು ನೊಂದದ್ದು ನನ್ನ ಹೊಟ್ಟೆಯ ಸೋಮಾರಿತನಕ್ಕಾಗಿ.

ಇದನ್ನು ಶಾಸ್ತ್ರವಾಗಿ ಬಿಡಿಸಿ ತೋರಿಸಿದವರಲ್ಲಿ ಚೆಕ್ ದೇಶದ ವೈದ್ಯ ವ್ಲಾದಿಮೀರ್ ಯಾಂಡಾ ಮುಖ್ಯರು. 1928ರಲ್ಲಿ ಹುಟ್ಟಿ 2002ರಲ್ಲಿ ತೀರಿಕೊಂಡ ಈತ ಹುಡುಗನಾಗಿದ್ದಾಗಲೇ ಪೋಲಿಯೊಗೆ ತುತ್ತಾಗಿ, ಕಷ್ಟಪಟ್ಟು ಮತ್ತೆ ನಡೆಯುವುದನ್ನು ಕಲಿತವರು. ಒಂದು ಸ್ನಾಯು ಸೋತಾಗ ಮೈ ಹೇಗೆ ಬೇರೆ ದಾರಿ ಹುಡುಕುತ್ತದೆಂಬುದು ಅವರಿಗೆ ಸ್ವಂತ ಅನುಭವ. ಅಸಮತೋಲ ಮನಬಂದಂತೆ ಬರುವುದಿಲ್ಲ, ಅದಕ್ಕೊಂದು ವಿನ್ಯಾಸವಿದೆಯೆಂದು 1979ರ ಹೊತ್ತಿಗೆ ಅವರು ವಿವರಿಸಿದರು. ಸೊಂಟದ ಭಾಗದಲ್ಲಿ ತೊಡೆಯನ್ನು ಮೇಲಕ್ಕೆತ್ತುವ ಸ್ನಾಯು ಮತ್ತು ಕೆಳಬೆನ್ನಿನ ಸ್ನಾಯು ಬಿಗಿಯುತ್ತವೆ. ಹೊಟ್ಟೆ ಮತ್ತು ಪಿರ್ರೆಯ ಸ್ನಾಯುಗಳು ಸಡಿಲವಾಗುತ್ತವೆ. ಮೇಲೆ ಎದೆ ಮತ್ತು ಹೆಡಕು ಬಿಗಿಯುತ್ತವೆ. ಕೊರಳಿನ ಮುಂಭಾಗದ ಒಳಸ್ನಾಯುಗಳೂ ಹೆಗಲೆಲುಬುಗಳ ನಡುವಣ ಸ್ನಾಯುಗಳೂ ಸೊರಗುತ್ತವೆ. ಬಿಗಿದವನ್ನು ಒಂದು ಗೆರೆಯಿಂದಲೂ ಸೊರಗಿದವನ್ನು ಇನ್ನೊಂದು ಗೆರೆಯಿಂದಲೂ ಸೇರಿಸಿದರೆ ಕತ್ತರಿಯ ಆಕಾರ ಬರುತ್ತದೆ. ಬಾಗಿ ಕುಳಿತು ದುಡಿಯುವವರ ಮೈಯಲ್ಲೆಲ್ಲ ಈ ಕತ್ತರಿಯನ್ನು ಬಹುಮಟ್ಟಿಗೆ ಕಾಣಬಹುದು.

ಇಷ್ಟು ತಿಳಿದ ಮೇಲೆ ನಾನು ಹುಟ್ಟಿ ಬೆಳೆದ ಬ್ಯಾಡಗಿಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಬ್ಯಾಡಗಿಯ ಹೆಸರು ಕೇಳದ ಅಡುಗೆಮನೆ ಕನ್ನಡ ನಾಡಿನಲ್ಲಿ ಇರಲಾರದು. ಖಾರ ಕಡಿಮೆ, ಬಣ್ಣ ಗಾಢ. ಸುಕ್ಕುಸುಕ್ಕಾದ ಕೆಂಪು ಮೆಣಸಿನಕಾಯಿ. ಕಡ್ಡಿ ಎಂದೂ ಡಬ್ಬಿ ಎಂದೂ ಅದರಲ್ಲಿ ಎರಡು ಬಗೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಯ ಪ್ರಾಂಗಣಕ್ಕೆ ಕಾಲಿಟ್ಟರೆ ಕಣ್ಣಿಗೆ ಕೆಂಪು, ಮೂಗಿಗೆ ಘಾಟು. ಆ ಕೆಂಪಿನ ನಡುವೆ ಎರಡು ಬಗೆಯ ಮೈಗಳು ಕಾಣುತ್ತವೆ. ಚೀಲ ಹೊತ್ತು ಓಡಾಡುವ ಹಮಾಲರು ಒಂದು ಕಡೆ. ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುವ ಹೆಂಗಸರು ಇನ್ನೊಂದು ಕಡೆ.

ಹಮಾಲರ ತೋಳು ತೊಡೆಗಳನ್ನು ಕಂಡು ನಾನು ಹುಡುಗನಾಗಿದ್ದಾಗ ಬೆರಗಾಗುತ್ತಿದ್ದೆ. ಈಚೆಗೆ ಹೋದಾಗ ಕೆಲಸ ಬಿಟ್ಟು ಮನೆಯಲ್ಲಿರುವ ಹಿರಿಯರೊಬ್ಬರ ಬಳಿ ಕುಳಿತು ಮಾತಾಡಿದೆ. “ನಲವತ್ತು ವರ್ಷ ಬಲ ಹೆಗಲ ಮ್ಯಾಲೆ ಹೊತ್ತೇನ್ರಿ ಸರ. ಎಡಕ್ಕ ಹಾಕಿದ್ರ ನಡಿಗಿನ ತಪ್ಪತಿತ್ತು” ಎಂದರು. ಅವರು ಎದ್ದು ನಡೆದಾಗ ಹೆಗಲ ಮೇಲೆ ಈಗಲೂ ಕಾಣದ ಚೀಲವೊಂದು ಇರುವಂತೆ ತೋರಿತು. ಮೈಯೆಲ್ಲ ಒಂದು ಕಡೆಗೆ ವಾಲಿತ್ತು.

ತೊಟ್ಟು ಬಿಡಿಸುವ ಹೆಂಗಸರಲ್ಲಿ ನನ್ನ ಅವ್ವನೂ ಒಬ್ಬಳಾಗಿದ್ದಳು. ನನ್ನ ಎಂ.ಎ. ತನಕದ ಓದಿನ ಖರ್ಚಿನ ಬಹುಭಾಗ ಬಂದದ್ದು ಆ ತೊಟ್ಟುಗಳಿಂದ. ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಾಗಿ, ತಲೆ ಮುಂದಕ್ಕೆ ಚಾಚಿ, ಎರಡು ಕೈಗಳೂ ಎದೆಯ ಮುಂದೆ ಆಡುತ್ತಿರುತ್ತವೆ. ಸಂಜೆ ಎದ್ದು ನಿಂತಾಗ ಎರಡು ಕೈಗಳನ್ನೂ ಟೊಂಕಕ್ಕೆ ಕೊಟ್ಟು, ಹಿಂದಕ್ಕೆ ಒಮ್ಮೆ ಮಣಿದು, “ಶಿವನೇ” ಎನ್ನುತ್ತಿದ್ದಳು. ಮನೆಗೆ ಬಂದ ಮೇಲೆ ನೀರಿನ ಕೊಡ, ಅದೂ ಸದಾ ಎಡ ಸೊಂಟದ ಮೇಲೆ. ಎಪ್ಪತ್ತರ ಅಂಚಿನಲ್ಲಿರುವ ಅವಳ ಬೆನ್ನು ಇಂದು ಬಿಲ್ಲಾಗಿದೆ. ಅದಕ್ಕೆ ಮುಪ್ಪು ಎಂದೇ ನಾವೆಲ್ಲ ಹೆಸರಿಟ್ಟಿದ್ದೆವು. ಬಡನಡುವಿಗೆ ಸಮಾಸ ಬಿಡಿಸಿ ಹೇಳುತ್ತಿದ್ದ ನಾನು, ಮನೆಯಲ್ಲಿದ್ದ ಈ ನಡುವನ್ನು ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ.

ರಾಣೆಬೆನ್ನೂರಿನ ಸುತ್ತಮುತ್ತ ಇದೇ ಕಥೆಯ ಇನ್ನೊಂದು ರೂಪ. ಇದು ಬೀಜೋತ್ಪಾದನೆಗೆ ಹೆಸರಾದ ಪ್ರದೇಶ. ತರಕಾರಿ, ಹತ್ತಿಗಳ ಸಂಕರ ಬೀಜಕ್ಕಾಗಿ ಹೂವಿನ ಗಂಡುಭಾಗವನ್ನು ಚಿಮಟಿಗೆಯಿಂದ ತೆಗೆದು, ಬೇರೆ ಗಿಡದ ಪರಾಗವನ್ನು ಒಂದೊಂದು ಹೂವಿಗೂ ಕೈಯಿಂದಲೇ ಮುಟ್ಟಿಸಬೇಕು. ಊರ ಮಾತಿನಲ್ಲಿ ಇದಕ್ಕೆ ಕ್ರಾಸಿಂಗ್ ಎಂದೇ ಹೆಸರು. ಸೂಕ್ಷ್ಮವಾದ ಕೆಲಸ, ಹೆಚ್ಚಾಗಿ ಹೆಣ್ಣುಮಕ್ಕಳದೇ. ಕೊರಳು ಬಾಗಿಸಿ, ನಡು ಅರ್ಧ ಬಗ್ಗಿಸಿ, ತೋಳುಗಳನ್ನು ಆಧಾರವಿಲ್ಲದೆ ಮುಂದೆ ಹಿಡಿದು ಗಂಟೆಗಟ್ಟಲೆ ನಿಲ್ಲುತ್ತಾರೆ. ರಜೆಯಲ್ಲಿ ಈ ಕೆಲಸಕ್ಕೆ ಹೋಗಿ ಬಂದ ವಿದ್ಯಾರ್ಥಿನಿಯರು ನಮ್ಮ ತರಗತಿಗಳಲ್ಲಿಯೂ ಇದ್ದಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದಿನವಿಡೀ ದುಡಿಯುವ ಮೈಗೆ ಬೇರೆ ವ್ಯಾಯಾಮವೇಕೆ? ದುಡಿಮೆಯೇ ವ್ಯಾಯಾಮವಲ್ಲವೆ? ನಾನೂ ಹಾಗೆಯೇ ನಂಬಿದ್ದೆ. ಓದಿದವರು, ಓದದವರು, ಎಲ್ಲರೂ ಹಾಗೆ ನಂಬಿರುವುದನ್ನು ಕಾಣುತ್ತೇವೆ. ಆದರೆ ಇವೆರಡರ ಗುರಿಗಳೇ ಬೇರೆ. ದುಡಿಮೆಗೆ ಬೇಕಾದುದು ರಾಶಿ ಕರಗುವುದು, ಚೀಲ ಲಾರಿಗೆ ಏರುವುದು. ಅದಕ್ಕೆ ಅನುಕೂಲವಾದ ಒಂದೇ ಭಂಗಿಯನ್ನು, ಒಂದೇ ಬದಿಯನ್ನು ಅದು ಸಾವಿರ ಸಲ ಬಳಸುತ್ತದೆ, ದಣಿದರೂ ಬಿಡುವುದಿಲ್ಲ. ವ್ಯಾಯಾಮ ಹಾಗಲ್ಲ. ಅದು ಎಡಕ್ಕೂ ಬಲಕ್ಕೂ, ಹಿಂದಕ್ಕೂ ಮುಂದಕ್ಕೂ ಸರಿಪಾಲು ಕೊಡುತ್ತದೆ. ದಣಿವಿಗೆ ತಕ್ಕ ವಿರಾಮವನ್ನೂ ಕೊಡುತ್ತದೆ. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಅವರ ಸಂಗಡಿಗರು ಹೃದಯದ ಆರೋಗ್ಯವನ್ನು ಕುರಿತು ಇಂಥದೇ ವಿರೋಧಾಭಾಸವನ್ನು ಎತ್ತಿ ತೋರಿಸಿದ್ದಾರೆ: ಬಿಡುವಿನಲ್ಲಿ ಮಾಡುವ ವ್ಯಾಯಾಮದಿಂದ ಆಗುವ ಲಾಭ ಹೊಟ್ಟೆಪಾಡಿನ ಭಾರದ ದುಡಿಮೆಯಿಂದ ಆಗುವುದಿಲ್ಲ, ಕೆಲವೊಮ್ಮೆ ಹಾನಿಯೂ ಉಂಟು. ದುಡಿಮೆ ಮೈಯನ್ನು ಒಂದು ಕಡೆಗೆ ಎಳೆಯುತ್ತದೆ, ವ್ಯಾಯಾಮ ಅದನ್ನು ನಡುವಿಗೆ ತರುತ್ತದೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಹಾಗಾದರೆ ಮೈಯ ನಡು ಎಂದರೆ ಯಾವುದು? ಇಂದಿನ ವ್ಯಾಯಾಮಶಾಲೆಗಳಲ್ಲಿ ಎಲ್ಲರ ಬಾಯಲ್ಲಿಯೂ ಇರುವ ‘ಕೋರ್’ ಎಂಬ ಮಾತಿಗೆ ನಮ್ಮ ‘ನಡು’ವಿಗಿಂತ ಒಳ್ಳೆಯ ಕನ್ನಡವಿಲ್ಲವೆಂದು ನನಗೆ ತೋರುತ್ತದೆ. ಎದೆಗೂಡಿನ ಕೆಳಗಿನಿಂದ ತೊಡೆಯ ಬುಡದವರೆಗಿನ ಭಾಗ ಅದು. ಅದಕ್ಕೆ ಮೇಲೊಂದು ಮುಚ್ಚಳ, ಉಸಿರಾಡಿಸುವ ವಪೆ. ಕೆಳಗೊಂದು ತಳ, ಕಟಿಯ ಎಲುಬುಗಳ ನಡುವೆ ಹಾಸಿಕೊಂಡಿರುವ ಸ್ನಾಯುಗಳು. ಹಿಂದೆ ಬೆನ್ನೆಲುಬಿನ ಮಣಿಗಳನ್ನು ಒಂದಕ್ಕೊಂದು ಹೊಲಿದಂತಿರುವ ಕಿರುಸ್ನಾಯುಗಳು. ಮುಂದೆ ಮತ್ತು ಪಕ್ಕಗಳಲ್ಲಿ ಪದರಪದರವಾದ ಹೊಟ್ಟೆಯ ಸ್ನಾಯುಗಳು. ಇವುಗಳಲ್ಲಿ ಎಲ್ಲಕ್ಕಿಂತ ಒಳಗಿನದು ನಡುಕಟ್ಟಿನಂತೆ ಅಡ್ಡಲಾಗಿ ಸುತ್ತಿಕೊಂಡಿದೆ. ಹೊರಗೆ ಹಲಗೆಹಲಗೆಯಾಗಿ ಕಾಣುವ ಹೊಟ್ಟೆಯೇ ನಡುವಿನ ಬಲವೆಂದು ತಿಳಿಯುವುದು ತಪ್ಪು. ನಿಜವಾದ ಕೆಲಸಗಾರರು ಒಳಗೆ, ಕಣ್ಣಿಗೆ ಬೀಳದಂತೆ ಇದ್ದಾರೆ.

ಬ್ಯಾಡಗಿಯವರಿಗಾದರೆ ಇದನ್ನು ಚೀಲದ ದೃಷ್ಟಾಂತದಿಂದ ಹೇಳಬಹುದು. ತುಳಿದು ತುಂಬಿ ಬಾಯಿ ಹೊಲಿದ ಚೀಲ ಕಂಬದಂತೆ ನಿಲ್ಲುತ್ತದೆ, ಅದರ ಮೇಲೆ ಇನ್ನೊಂದನ್ನು ಹೇರಬಹುದು. ಅರೆ ತುಂಬಿದ ಚೀಲ ಸೊಂಟ ಮುರಿದು ಕುಸಿಯುತ್ತದೆ. ನಡುವಿನ ಸ್ನಾಯುಗಳು ಎಲ್ಲ ಕಡೆಯಿಂದ ಹದವಾಗಿ ಬಿಗಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ, ಬೆನ್ನೆಲುಬಿಗೆ ಮುಂದಿನಿಂದ ಆಸರೆ ಸಿಗುತ್ತದೆ. ಬೆನ್ನೆಲುಬು ಸ್ವತಂತ್ರವಾಗಿ ನಿಲ್ಲಬಲ್ಲ ಕಂಬವೆಂದು ನಾವು ಭಾವಿಸಿದ್ದೇವೆ. ಅದು ಜಾತ್ರೆಯಲ್ಲಿ ನಾಟಕ ಕಂಪನಿ ಎತ್ತುವ ಡೇರೆಯ ಕಂಬದಂಥದು. ನಾಲ್ಕು ಕಡೆಯ ಹಗ್ಗಗಳು ಸಮನಾಗಿ ಬಿಗಿದಿರುವವರೆಗೆ ಮಾತ್ರ ಅದರ ನೆಟ್ಟಗಿನ ನಿಲುವು. ಸ್ನಾಯುಗಳನ್ನೆಲ್ಲ ತೆಗೆದು, ಎಲುಬು ಕಟ್ಟುಗಳನ್ನಷ್ಟೇ ಉಳಿಸಿದ ಸೊಂಟದ ಭಾಗದ ಬೆನ್ನೆಲುಬು ಸುಮಾರು 9 ಕಿಲೋಗ್ರಾಂ ಭಾರಕ್ಕೇ ಬಾಗಿ ಕುಸಿಯುತ್ತದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ನಮ್ಮ ತಲೆ, ತೋಳು, ಎದೆಗಳ ಭಾರವೇ ಅದಕ್ಕಿಂತ ಎಷ್ಟು ಪಾಲು ಹೆಚ್ಚು! ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಮೇಲೆ ದುಡಿದ ಭಾರತ ಮೂಲದ ವಿದ್ವಾಂಸ ಮನೋಹರ ಪಂಜಾಬಿಯವರು 1992ರಲ್ಲಿ ಬೆನ್ನಿನ ಸ್ಥಿರತೆಗೆ ಮೂರು ಆಧಾರಗಳನ್ನು ಹೇಳಿದರು: ಎಲುಬು ಮತ್ತು ಕಟ್ಟುಗಳು ಒಂದು, ಸ್ನಾಯುಗಳು ಎರಡು, ಅವನ್ನು ಸಕಾಲದಲ್ಲಿ ಎಚ್ಚರಿಸುವ ನರಗಳು ಮೂರು.

ಈ ಮೂರನೆಯದು ಬಲು ಕುತೂಹಲದ್ದು. ಆಸ್ಟ್ರೇಲಿಯದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬೆನ್ನುನೋವಿಲ್ಲದವನು ತೋಳನ್ನು ಎತ್ತುವಾಗ ತೋಳಿನ ಸ್ನಾಯು ಅಲುಗುವ ಮೊದಲೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿದು ಸಿದ್ಧವಾಗಿರುತ್ತದೆ. ಬೆನ್ನುನೋವಿನವರಲ್ಲಿ ಅದು ತಡವಾಗಿ ಎಚ್ಚರಗೊಳ್ಳುತ್ತದೆ. ಅಂದರೆ ಕೈ ಕೆಲಸಕ್ಕೆ ಹೊರಡುವ ಮುನ್ನ ನಡು ಸಜ್ಜಾಗಬೇಕು. ಯಾವುದೇ ದೊಡ್ಡ ಕಾರ್ಯಕ್ಕೆ ಮುಂದಾದವರನ್ನು ಕುರಿತು ‘ಟೊಂಕ ಕಟ್ಟಿ ನಿಂತರು’ ಎನ್ನುತ್ತೇವಲ್ಲ, ಆ ನುಡಿಗಟ್ಟನ್ನು ಹುಟ್ಟಿಸಿದ ಜನ ಭಾರ ಎತ್ತುವವರೇ ಇರಬೇಕು.

ನಮ್ಮ ಹಿಂದಿನವರಿಗೆ ಇದು ತಿಳಿಯದೆ ಇರಲಿಲ್ಲ. ಹಾವೇರಿ ಸೀಮೆ ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ಆ ವಂಶದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಮಲ್ಲರು ಭಾರ ಎತ್ತಬೇಕು, ನಡೆಯಬೇಕು, ನೀರಿನಲ್ಲಿ ಈಜಬೇಕು, ಕಂಬವನ್ನು ಅಪ್ಪಿ ಸಾಧನೆ ಮಾಡಬೇಕು. ಒಂದೇ ಬಗೆಯ ಶ್ರಮಕ್ಕೆ ಮೈಯನ್ನು ಕೊಡದೆ ನಾನಾ ಶ್ರಮಗಳನ್ನು ಹಂಚಿ ಹಾಕಿದ ಆ ವಿವೇಕವನ್ನು ಗಮನಿಸಬೇಕು. ಕಂಬದ ಸಾಧನೆಯಲ್ಲಿ ನಡುವಿನ ಹಿಡಿತವಿಲ್ಲದೆ ಕ್ಷಣಕಾಲ ನಿಲ್ಲುವುದೂ ಅಸಾಧ್ಯ.

ನಮ್ಮ ಗರಡಿಗಳ ಕ್ರಮವೂ ಇದೇ. ಹನುಮಪ್ಪನಿಗೆ ಕೈಮುಗಿದು ಮಣ್ಣಿಗೆ ಇಳಿದವನು ಮೊದಲು ತೆಗೆಯುವುದು ದಂಡ, ಬೈಠಕ್. ದಂಡವೆಂದರೆ ತೋಳಿನ ಸಾಮು ಎಂದು ನೋಡಿದವರಿಗೆ ಅನಿಸುತ್ತದೆ. ಆದರೆ ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ಹಿಡಿದಿರುವಾಗ ದುಡಿಯುತ್ತಿರುವುದು ನಡು. ಗದೆ ತಿರುಗಿಸುವಾಗಲೂ ಸಂಗ್ರಾಣಿ ಕಲ್ಲು ಎತ್ತುವಾಗಲೂ ಹಾಗೆಯೇ; ಮೈಯನ್ನು ಒಂದು ಕಡೆ ಎಳೆಯುವ ಭಾರಕ್ಕೆ ಮಣಿಯದೆ ನಿಲ್ಲುವುದೇ ಅಲ್ಲಿನ ಪಾಠ. ಹಾವೇರಿಯಲ್ಲಿ ಪರಿಚಯವಾದ ವಸ್ತಾದರೊಬ್ಬರು, “ತೋಳು ನೋಡಿ ಪೈಲ್ವಾನ ಅನಬಾರದ್ರಿ, ನಡಾ ನೋಡಬೇಕು. ನಡಾ ಬಿಟ್ಟಾಂವ ಮಣ್ಣು ಮುಟ್ಟಿದಂಗ” ಎಂದರು. ನಾನು ಓದಿ ತಿಳಿದುದನ್ನೆಲ್ಲ ಅವರು ಎರಡು ಮಾತಿನಲ್ಲಿ ಮುಗಿಸಿಬಿಟ್ಟರು.

ಈ ಮಾತು ಬಂದಾಗ ಕೆ. ವಿ. ಅಯ್ಯರ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ನಾವು ವಿದ್ಯಾರ್ಥಿಗಳಿಗೆ ಪರಿಚಯಿಸುವ ಈ ಮಹನೀಯರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದವರು, ಟಿ. ಪಿ. ಕೈಲಾಸಂ ಅವರ ಆತ್ಮೀಯರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಗ್ರಂಥವನ್ನೂ 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತ ಗ್ರಂಥವನ್ನೂ ಬರೆದರು. ಪಶ್ಚಿಮದ ಭಾರದ ಸಾಧನೆಯನ್ನೂ ನಮ್ಮ ಯೋಗಾಸನಗಳನ್ನೂ ಒಂದೇ ಅಂಗಳದಲ್ಲಿ ಕೂಡಿಸಿದರು. ಸಾಹಿತ್ಯದವನಿಗೆ ಮೈಯ ಚಿಂತೆಯೇಕೆಂದು ಕೇಳುವವರಿಗೆ ಅವರ ಬದುಕೇ ಉತ್ತರ. ಅವರ ಕಾದಂಬರಿಯನ್ನು ಪಾಠ ಹೇಳಿ, ಅವರ ವ್ಯಾಯಾಮವನ್ನು ಅಡಿಟಿಪ್ಪಣಿಗೆ ತಳ್ಳಿದ ತಪ್ಪು ನನ್ನದೂ ಹೌದು.

ಇಂದು ಹಾವೇರಿ, ರಾಣೆಬೆನ್ನೂರುಗಳಲ್ಲಿ ಗರಡಿಯ ಮಣ್ಣಿಗಿಂತ ಜಿಮ್ಮಿನ ಕನ್ನಡಿಗಳತ್ತ ಹುಡುಗರ ಸೆಳೆತ ಹೆಚ್ಚು. ಅದು ಒಳ್ಳೆಯದೇ. ಆದರೆ ಕನ್ನಡಿಗೆ ಒಂದು ದೋಷವಿದೆ. ಅದು ಮುಂಭಾಗವನ್ನು ಮಾತ್ರ ತೋರಿಸುತ್ತದೆ. ಎದೆ, ತೋಳುಗಳನ್ನು ಉಬ್ಬಿಸಿಕೊಂಡು, ಬೆನ್ನು, ಪಿರ್ರೆ, ಪಕ್ಕೆಗಳನ್ನು ಮರೆತ ತರುಣರು ಎದೆ ಬಿಗಿದು ಹೆಗಲು ಮುಂದಕ್ಕೆ ಬಾಗಿದವರಾಗುತ್ತಾರೆ. ನನ್ನ ಅವ್ವನಿಗೆ ಮೆಣಸಿನ ರಾಶಿ ಮಾಡಿದ್ದನ್ನು ಇವರಿಗೆ ಕನ್ನಡಿ ಮಾಡುತ್ತದೆ.

ಇನ್ನು ನಾನು ಮಾಡಿದ ಸಾಧನೆ. ಹೇಳಿಕೊಳ್ಳುವಷ್ಟು ದೊಡ್ಡದಲ್ಲ, ಬೆಳಿಗ್ಗೆ ಕಾಲು ಗಂಟೆ, ಚಾಪೆಯ ಮೇಲೆ. ಮೊದಲನೆಯದು, ಅಂಗೈ ಮೊಣಕಾಲುಗಳ ಮೇಲೆ ಹಸುವಿನಂತೆ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ನೀಡಿ, ಸೊಂಟ ಅಲುಗದಂತೆ ಹತ್ತು ಎಣಿಸುವುದು. ಆಮೇಲೆ ಕೈಕಾಲು ಬದಲಿಸುವುದು. ಎರಡನೆಯದು, ಪಕ್ಕಕ್ಕೆ ಮಲಗಿ, ಮೊಣಕೈ ಮತ್ತು ಮೊಣಕಾಲುಗಳ ಆಧಾರದಿಂದ ಸೊಂಟವನ್ನು ನೆಲದಿಂದ ಎತ್ತಿ ಹಿಡಿಯುವುದು, ಎರಡು ಮಗ್ಗುಲಲ್ಲೂ. ಮೂರನೆಯದು, ಅಂಗಾತ ಮಲಗಿ, ಒಂದು ಕಾಲು ಮಡಚಿ, ಸೊಂಟದ ಕೆಳಗೆ ಅಂಗೈಗಳನ್ನಿಟ್ಟು, ತಲೆ ಹೆಗಲುಗಳನ್ನು ತುಸುವೇ ಎತ್ತುವುದು. ಈ ಮೂರನ್ನೂ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಎಂಬವರು ಬೆನ್ನಿಗೆ ಹೊರೆಯಾಗದಂತೆ ಆಯ್ದು ಕೊಟ್ಟಿದ್ದಾರೆ. ಇವುಗಳ ಜೊತೆಗೆ ನಾನು ಸೇರಿಸಿಕೊಂಡದ್ದು ಅಂಗಾತ ಮಲಗಿ ಕಾಲು ಮಡಚಿ ಸೊಂಟವನ್ನು ಸೇತುವೆಯಂತೆ ಎತ್ತುವುದು, ಹತ್ತು ಬೈಠಕ್. ಉಸಿರು ಕಟ್ಟಬಾರದು, ದುರ್ಬಲವಾದ ಎಡಬದಿಗೆ ಒಂದು ಸರದಿ ಹೆಚ್ಚು. ಜೋಳಿಗೆ ಈಗ ಹೋಗುವಾಗ ಒಂದು ಹೆಗಲಿಗೆ, ಬರುವಾಗ ಇನ್ನೊಂದು ಹೆಗಲಿಗೆ.

ಇದು ಸರ್ವರೋಗಕ್ಕೂ ಮದ್ದೆಂದು ಹೇಳಿದರೆ ಸುಳ್ಳಾದೀತು. ಹೆಗಲು ಕೊಂಚ ಏರುಪೇರಾಗಿದ್ದ ಮಾತ್ರಕ್ಕೆ ಎಲ್ಲರಿಗೂ ನೋವು ಬರುವುದಿಲ್ಲ. ಹಳೆಯ ಬೆನ್ನುನೋವಿಗೆ ನಡುವಿನ ಸಾಧನೆಗಳು ಇತರ ವ್ಯಾಯಾಮಗಳಿಗಿಂತ ಬಹುಕಾಲದಲ್ಲಿ ಮಿಗಿಲೆಂದು ಸಿದ್ಧವಾಗಿಲ್ಲ; ನಿತ್ಯ ಮಾಡುವುದೇ ಅಲ್ಲಿ ಮುಖ್ಯವೆಂದು ತೋರುತ್ತದೆ. ಕಾಲು ಜೋಮು ಹಿಡಿದು ಬಲ ಕುಗ್ಗಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಬಿದ್ದು ಪೆಟ್ಟಾಗಿದ್ದರೆ, ಚಾಪೆ ಹಾಸದೆ ವೈದ್ಯರ ಬಳಿಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ವಯಸ್ಕರೆಲ್ಲರಿಗೂ ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಬೇಕೆಂದು ಹೇಳುತ್ತದೆ. ಮುದುಕರಿಗೆ ಅದು ಇನ್ನೂ ಹೆಚ್ಚು ಬೇಕು, ಬೀಳದೆ ಇರುವುದಕ್ಕಾಗಿ.

ನನ್ನ ನೋವು ಮೂರು ತಿಂಗಳಲ್ಲಿ ಬಹಳಷ್ಟು ಇಳಿಯಿತು. ಆಗ ಅವ್ವನಿಗೂ ಹೇಳಿದೆ. ಅವಳು ನಕ್ಕಳು. “ದುಡದ ಮೈಗೆ ಮತ್ತೇನ ಸಾಮು ತಮ್ಮಾ? ಅದು ಪೈಲ್ವಾನರ ಕೆಲಸ” ಎಂದಳು. ನಾನು ವಾದಿಸಲಿಲ್ಲ. ಆ ಫಿಜಿಯೊಥೆರಪಿಸ್ಟರನ್ನೇ ಮನೆಗೆ ಕರೆತಂದೆ. ಅವರು ಅವಳ ಬೆನ್ನನ್ನು ಬಹಳ ಹೊತ್ತು ನೋಡಿ, ಬಾಗಿದ ಎಲುಬು ಇನ್ನು ನೆಟ್ಟಗಾಗದು, ಆದರೆ ಅದನ್ನು ಹಿಡಿದ ಸ್ನಾಯುಗಳಿಗೆ ಈಗಲೂ ಬಲ ಬರುತ್ತದೆ ಎಂದರು. ಕುರ್ಚಿಯಿಂದ ಕೈಯೂರದೆ ಎದ್ದು ಕೂಡುವುದು, ಗೋಡೆಗೆ ಬೆನ್ನು ಹಚ್ಚಿ ತೋಳುಗಳನ್ನು ಮೇಲೆತ್ತುವುದು, ಇವೆರಡನ್ನು ಕಲಿಸಿ ಹೋದರು. ಹೊರಗಿನವರು ಹೇಳಿದ್ದಕ್ಕೋ ಏನೋ, ಅವ್ವ ಒಪ್ಪಿಕೊಂಡಳು.

ಮೊದಲು ಎರಡು, ಆಮೇಲೆ ಐದು, ಈಗ ಹತ್ತು. ಬೆನ್ನು ಬಿಲ್ಲಾಗಿಯೇ ಇದೆ. ಆದರೆ ನೆಲದ ಮೇಲೆ ಕುಳಿತವಳು ಏಳುವಾಗ ಗೋಡೆಯನ್ನು ಹುಡುಕುತ್ತಿದ್ದ ಕೈ ಈಗ ಹುಡುಕುವುದಿಲ್ಲ. ಕಳೆದ ಸುಗ್ಗಿಯಲ್ಲಿ ಬ್ಯಾಡಗಿಗೆ ಹೋದಾಗ, ಪ್ರಾಂಗಣದಲ್ಲಿ ಹಳೆಯ ಗೆಳತಿಯರ ನಡುವೆ ಕುಳಿತಿದ್ದವಳು ಏನೂ ಹಿಡಿಯದೆ ಎದ್ದು ನಿಂತುದನ್ನು ಕಂಡು ಒಬ್ಬಳು, “ಏನಬೇ, ಯಾವ ಗುಳಿಗಿ ನುಂಗೀದಿ?” ಎಂದು ಕೇಳಿದಳು. ಅವ್ವ ಗುಳಿಗೆಯ ಹೆಸರು ಹೇಳಲಿಲ್ಲ. ಪಕ್ಕದಲ್ಲಿದ್ದ ತೂಕದವರ ಕುರ್ಚಿಯನ್ನು ಎಳೆದುಕೊಂಡು, ಅದರ ಮೇಲೆ ಕೈಯೂರದೆ ಕೂತು, ಕೈಯೂರದೆ ಎದ್ದು ತೋರಿಸಿದಳು. ಸುತ್ತ ಕುಳಿತವರು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಕೆಳಗಿಟ್ಟು ನೋಡಿದರು. ಅವರಲ್ಲಿ ಒಬ್ಬಳು ಎದ್ದು ಬಂದು, ತಾನೂ ಕೂತು ನೋಡಿದಳು.